ಕೂಲರ್ ಬದ್ಲಿ ಮಾಡೋದಾ, ಬ್ಯಾಡಾ?

ನಮ್ಮ ಕಡೆ ಕೂಲರ್ ಅಂದರೆ ಒಂದೇ ಅರ್ಥ. ಕಿಟಕಿಗೆ ಕೂಡ್ರಿಸಿದ, ನೀರು ತುಂಬಿಸಿ ಚಾಲೂ ಮಾಡುವ, ಮೂರು ಕಡೆ ಹುಲ್ಲಿನ ಪ್ಯಾಡ್ ಇರುವ ತಗಡಿನ ಡಬ್ಬಿ. ಹಾಗಾಗಿ ಏಪ್ರಿಲ್ ಕೊನೆಗೆ ಸೊನ್ನದ ಮನೆಯಲ್ಲಿ ನಾವಿಬ್ಬರೂ “ಕೂಲರ್ ಬದ್ಲಿ ಮಾಡಬೇಕು” ಅಂತ ಮಾತು ತೆಗೆದಾಗ ಅಪ್ಪ ಎದ್ದು ಹೋಗಿ ಕಿಟಕಿ ನೋಡಿ ಬಂದ. “ಅದು ನೆಟ್ಟಗ ಅದಲ್ಲೋ, ಹೋದ ವರ್ಷ ಹುಲ್ಲು ಬದ್ಲಿ ಮಾಡೀವಲ್ಲ.” ನಾವು ಹೇಳುತ್ತಿದ್ದದ್ದು ಕಂಪ್ಯೂಟರಿನ ಒಳಗಿನ ಕೂಲರ್, ಪ್ರೊಸೆಸರ್ ಮೇಲೆ ಕೂರುವುದು ಅಂತ ತಿಳಿಸಿ ಹೇಳಿದ ಮೇಲೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಈಗಿಂದಕ್ಕ ಏನಾಗ್ಯದ?”

ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟ ಸಾಮಾನು ಬದಲಿಸುವುದಕ್ಕೆ ಯೋಚನೆ ಬೇಕಿಲ್ಲ. ನೆಟ್ಟಗಿರುವುದನ್ನು ಬದಲಿಸಬೇಕೋ ಬೇಡವೋ ಅನ್ನುವುದಕ್ಕೆ ನಮಗೆ ಮೂರು ವಾರ ಹಿಡಿಯಿತು.

ನಾವು ಅಂದರೆ ಅಕ್ಕ, ತಮ್ಮ. ಒಬ್ಬಳು ಸಿವಿಲ್ ಕೊನೆಯ ವರ್ಷ, ಒಬ್ಬ ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ. ಯಂತ್ರ ಇಬ್ಬರದೂ. ರೈಜನ್ 7 5800ಎಕ್ಸ್, 8 ಕೋರ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಇದರ ಮೇಲೆ ಈಗ ನಡೆದಿರುವುದು ಅಕ್ಕನ ಪ್ರಾಜೆಕ್ಟ್: ಹೆಕ್-ರಾಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಭೀಮಾ ನದಿಯ ಪ್ರವಾಹದ ಸಿಮ್ಯುಲೇಷನ್. ಅಮೆರಿಕದ ಸೈನ್ಯದ ಎಂಜಿನಿಯರ್ ವಿಭಾಗದವರು ಮಾಡಿ ಪುಕ್ಕಟೆ ಕೊಡುವ ಸಾಫ್ಟ್‌ವೇರ್ ಅದು. ನದಿ ಪಾತ್ರ, ದಂಡೆ, ಹೊಲಗಳನ್ನೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದು ಚೌಕದಿಂದ ಪಕ್ಕದ ಚೌಕಕ್ಕೆ ಎಷ್ಟು ನೀರು ಹೋಯಿತು ಅಂತ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಚೌಕದ ಬದಿ ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟು. ಅದರ ಜೊತೆ ಸಮಯದ ಹೆಜ್ಜೆಯನ್ನೂ ಅರ್ಧ ಮಾಡಬೇಕು. ಅಲ್ಲಿಗೆ ಕೆಲಸ ಎಂಟು ಪಟ್ಟು. ನಮ್ಮ ಒಂದು ರನ್ನಿಗೆ 6 ತಾಸು ಮೇಲೆ ಬೇಕು, ಅಷ್ಟೂ ಹೊತ್ತು ಎಂಟೂ ಕೋರ್ ಉಸಿರುಗಟ್ಟಿ ದುಡಿಯಬೇಕು. ಗ್ರಾಫಿಕ್ಸ್ ಕಾರ್ಡ್ ಇದಕ್ಕೆ ಏನೂ ಸಹಾಯ ಮಾಡುವುದಿಲ್ಲ, ಪೂರಾ ಪ್ರೊಸೆಸರ್ ಕೆಲಸ.

ಸೊನ್ನದ ಬಗ್ಗೆ ಗೊತ್ತಿಲ್ಲದವರಿಗೆ: ಅಫಜಲಪುರ ತಾಲೂಕಿನ ಊರು, ಭೀಮಾ ಏತ ನೀರಾವರಿ ಯೋಜನೆಯ ಬ್ಯಾರೇಜ್ ಇರುವುದು ಇಲ್ಲೇ. ಮೇಲಿನ ಮಹಾರಾಷ್ಟ್ರದಲ್ಲಿ ಉಜನಿ ತುಂಬಿ ನೀರು ಬಿಟ್ಟರೆ ಅದು ಬರುವ ದಾರಿ ಇದು. 2020ರ ಅಕ್ಟೋಬರಿನಲ್ಲಿ ಹಾಗೇ ಬಂತು. ಅಫಜಲಪುರ, ಜೇವರ್ಗಿ ಕಡೆಯ ನದಿ ದಂಡೆಯ ಊರುಗಳಿಂದ ಜನರನ್ನು ಬೇರೆಡೆಗೆ ಸಾಗಿಸಬೇಕಾಯಿತು. ನಮ್ಮ ಹೊಳಿ ದಂಡಿ ಹೊಲದ ತೊಗರಿ ಪೂರಾ ಹೋಯಿತು, ಜೊತೆಗೆ ಪಂಪ್‌ಸೆಟ್ ಕೂಡ. ತೊಗರಿ ಬಗ್ಗೆ ಅಪ್ಪ ಈಗ ಮಾತಾಡುವುದಿಲ್ಲ. ಮೋಟರ್ ಬಗ್ಗೆ ಮಾತಾಡುತ್ತಾನೆ. ಅಕ್ಕ ಪ್ರಾಜೆಕ್ಟ್ ವಿಷಯ ಹೇಳಿದಾಗ ಅವನು ಕೇಳಿದ್ದು ಇಷ್ಟೇ: “ನೀರು ಬಿಟ್ಟಾರ ಅಂತ ಸುದ್ದಿ ಬಂದ ಮ್ಯಾಲ ಮೋಟರ್ ಎತ್ಲಿಕ್ಕ ನಮಗ ಎಷ್ಟ್ ತಾಸು ಸಿಗ್ತದ? ಅದು ನಿನ್ನ ಕಂಪ್ಯೂಟರ್ ಹೇಳ್ತದೇನು?” ಗೈಡ್ ಕೊಟ್ಟ ಪ್ರಾಬ್ಲಮ್ ಸ್ಟೇಟ್‌ಮೆಂಟಿಗಿಂತ ಇದು ಚೊಲೋ ಇತ್ತು.

ಇನ್ನು ಸಪ್ಪಳದ ವಿಷಯ. ಈ ಪ್ರೊಸೆಸರ್ ಜೊತೆ ಕಂಪನಿಯ ಕೂಲರ್ ಬರುವುದಿಲ್ಲ. ನಮಗೆ ಮಾರಿದವರು ಯಾವುದೋ ಸಣ್ಣ ಕೂಲರ್ ಕೂಡ್ರಿಸಿ ಕೊಟ್ಟಿದ್ದರು. ಲೋಡ್ ಬಿದ್ದರೆ ಅದು ಭರ್ರೋ ಅಂತ ಒಂದೇ ಸಮ ಊದುತ್ತಿತ್ತು. ನಮ್ಮ ಮನೆ ಮುಂದೆ ಆರ್‌ಸಿಸಿ ಕೋಣೆ, ಹಿಂದೆ ಹಳೆಯ ಮಾಳಿಗಿ ಮನಿ. ನಡುವೆ ಬಾಗಿಲ ಚೌಕಟ್ಟು ಇದೆ, ಬಾಗಿಲಿಲ್ಲ. ಆಯಿ ಮಲಗುವುದು ಮಾಳಿಗಿಯಲ್ಲಿ. ಮೊದಲ ರಾತ್ರಿಯೇ ಆಯಿ ಎದ್ದು ಕೂತು ಕೇಳಿದಳು: “ಹೊಳಿ ಬಂತೇನೋ?” ನಾವು ನಕ್ಕೆವು. ಎರಡನೇ ರಾತ್ರಿಯೂ ಕೇಳಿದಳು. ಮೂರನೇ ರಾತ್ರಿ ಕೇಳಲಿಲ್ಲ, ಸುಮ್ಮನೆ ಎದ್ದು ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಕಿವಿಗೊಟ್ಟು ಕೇಳಿದರೆ ಹೌದು, ದೂರದಲ್ಲಿ ಗೇಟಿನಿಂದ ನೀರು ಬೀಳುವ ಸಪ್ಪಳಕ್ಕೂ ಇದಕ್ಕೂ ಬಹಳ ಫರಕಿಲ್ಲ. ಆ ತಿಂಗಳೇ ಎರಡೂವರೆ ಸಾವಿರ ಕೊಟ್ಟು ಸಪ್ಪಳ ಮಾಡದ ಕೂಲರ್ ತಂದೆವು: ಒಂದೇ ಗೋಪುರ, ನಾಲ್ಕು ಹೀಟ್ ಪೈಪ್, 120 ಮಿಲಿಮೀಟರ್ ಫ್ಯಾನ್. ಸಮಸ್ಯೆ ಮುಗಿಯಿತು, ಆಯಿ ಮಲಗಿದಳು.

ಈ ಬ್ಯಾಸಿಗಿಯಲ್ಲಿ ಅದು ಮತ್ತೆ ಎದ್ದಿತು. ಪ್ರೋಗ್ರಾಮ್ ಬರೆಯುವುದಕ್ಕೂ 6 ತಾಸಿನ ರನ್ನಿಗೂ ಫರಕಿದೆ. ಜನವರಿಗೂ ಮೇ ತಿಂಗಳಿಗೂ ಫರಕಿದೆ. ನಮ್ಮ ಜಿಲ್ಲೆಯಲ್ಲಿ ಮೇನಲ್ಲಿ 42-43 ಡಿಗ್ರಿ ದಾಟುವುದು ಯಾರಿಗೂ ಹೊಸ ಸುದ್ದಿಯಲ್ಲ. ರಾತ್ರಿ 11ಕ್ಕೆ ರನ್ ಹಚ್ಚಿದರೆ ಹತ್ತೇ ನಿಮಿಷದಲ್ಲಿ ಪ್ರೊಸೆಸರ್ 90 ಡಿಗ್ರಿ ಮುಟ್ಟುತ್ತಿತ್ತು, ಫ್ಯಾನ್ 1500 ಸುತ್ತು. ಸಪ್ಪಳ ಮಾಡದ ಕೂಲರ್ ಸಪ್ಪಳ ಮಾಡುತ್ತಿತ್ತು. 90 ಅಂದರೆ ಸುಟ್ಟುಹೋಗುತ್ತದೆ ಅಂತಲ್ಲ. ಆ ಚಿಪ್ಪಿಗೆ ಎಎಂಡಿ ಇಟ್ಟ ಮಿತಿಯೇ 90. ಅಲ್ಲಿಗೆ ಬಂದರೆ ತಾನೇ ವೇಗ ಇಳಿಸಿಕೊಂಡು ಬದುಕುತ್ತದೆ. ಆದರೆ ಆಯಿಗೆ ಅದನ್ನು ಹೇಳಿ ಏನು ಪ್ರಯೋಜನ?

ತಮ್ಮನ ಉತ್ತರ ರೆಡಿ ಇತ್ತು: ಡಬಲ್ ಟವರ್. ನಾಕ್ಟುವಾದ ಎನ್‌ಎಚ್-ಡಿ15 ಅವನ ಕನಸು. ಆಸ್ಟ್ರಿಯಾದ ಕಂಪನಿ, ಎರಡು ಗೋಪುರ, ಎರಡು 140 ಮಿಲಿಮೀಟರ್ ಫ್ಯಾನ್, ಫ್ಯಾನ್ ಸೇರಿ ಒಂದು ಕಿಲೋ 300 ಗ್ರಾಂ ಮೇಲೆ ತೂಕ. ಅದರ ಮಣ್ಣಿನ ಬಣ್ಣದ ಫ್ಯಾನ್ ನೋಡಿ ಆಯಿ ಇಷ್ಟಪಡಬಹುದು ಅಂತಲೂ ವಾದಿಸಿದ. ಆದರೆ ಬೆಲೆ ಹತ್ತು ಸಾವಿರದ ಆಚೆ, ಎತ್ತರ 165 ಮಿಲಿಮೀಟರ್. ನಮ್ಮ ಕ್ಯಾಬಿನೆಟ್ಟಿನಲ್ಲಿ ಜಾಗ ಇರುವುದು 160. ಆ ಕನಸು ಸ್ಕೇಲ್ ಪಟ್ಟಿಯಿಂದ ಮುಗಿಯಿತು. ಉಳಿದದ್ದು ಥರ್ಮಲ್‌ರೈಟಿನ ಪೀರ್‌ಲೆಸ್ ಅಸಾಸಿನ್, 155 ಮಿಲಿಮೀಟರ್, ಆರು ಹೀಟ್ ಪೈಪ್, ನಾಲ್ಕು ಸಾವಿರದ ಆಸುಪಾಸು. ಇದು ಕೂಡ್ರುತ್ತದೆ, ದುಡ್ಡೂ ಹೇಗೋ ಹೊಂದುತ್ತದೆ. ತಗೊಳ್ಳೋಣವಾ?

ಇಲ್ಲಿ ಅಕ್ಕ ಅಡ್ಡ ಹಾಕಿದಳು. ಅವಳ ಮಾತು ಸರಳ: ಕೂಲರ್ ತಂಪು ಮಾಡುವುದಿಲ್ಲ, ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಸಾಗಿಸುತ್ತದೆ ಅಷ್ಟೇ. ಅದಕ್ಕೆ ಹಮಾಲ ಅಂತ ಹೆಸರಿಟ್ಟರೆ ಸರಿಹೋಗುತ್ತಿತ್ತು. ಹಮಾಲನನ್ನು ಬದಲಿಸುವ ಮೊದಲು ಮೂಟೆ ಎಲ್ಲಿ ಸಿಕ್ಕಿಬಿದ್ದಿದೆ ಅಂತ ನೋಡಬೇಡವೇ?

ನೋಡಿದೆವು. ಶಾಖ ಹುಟ್ಟುವುದು ಪ್ರೊಸೆಸರಿನ ಒಳಗಿನ ಪುಟ್ಟ ಸಿಲಿಕಾನ್ ತುಂಡಿನಲ್ಲಿ. 5800ಎಕ್ಸ್‌ನ ಎಂಟೂ ಕೋರ್ ಒಂದೇ ತುಂಡಿನ ಮೇಲಿವೆ, ಅದರ ಅಳತೆ ಸುಮಾರು 80 ಚದರ ಮಿಲಿಮೀಟರ್, ಅಂದರೆ ಕಿರುಬೆರಳ ಉಗುರಿನಷ್ಟು. ಇಡೀ ಪ್ರೊಸೆಸರ್ 142 ವಾಟ್‌ವರೆಗೆ ಎಳೆಯಬಹುದು, ಅದರ ಬಹುಪಾಲು ಶಾಖ ಅಷ್ಟೇ ಜಾಗದಿಂದ ಹೊರಬರಬೇಕು. ಅಲ್ಲಿಂದ ಮೇಲಿನ ಲೋಹದ ಮುಚ್ಚಳ, ನಂತರ ಪೇಸ್ಟ್, ನಂತರ ಕೂಲರಿನ ಬುಡ, ಪೈಪ್, ರೆಕ್ಕೆ, ಕ್ಯಾಬಿನೆಟ್ಟಿನ ಗಾಳಿ, ಕೊನೆಗೆ ಕೋಣೆಯ ಗಾಳಿ. ದೊಡ್ಡ ಕೂಲರ್ ತಂದರೆ ಈ ಸಾಲಿನಲ್ಲಿ ಪೈಪ್ ಮತ್ತು ರೆಕ್ಕೆಯ ಭಾಗ ಮಾತ್ರ ಸುಧಾರಿಸುತ್ತದೆ. ಉಗುರಿನಷ್ಟು ಜಾಗದಿಂದ ಮುಚ್ಚಳಕ್ಕೆ ದಾಟುವ ಇಕ್ಕಟ್ಟು ಹಾಗೇ ಉಳಿಯುತ್ತದೆ. ಕೋಣೆಯ ಗಾಳಿಯೂ ಹಾಗೇ.

ಆಮೇಲೆ ಲೆಕ್ಕ. ರನ್ ನಡೆಯುವಾಗ ಪ್ರೊಸೆಸರ್ 90, ಕೋಣೆ 37, ಎಳೆಯುತ್ತಿದ್ದ ಪವರ್ ಸುಮಾರು 125 ವಾಟ್. 53 ಡಿಗ್ರಿ ಅಂತರವನ್ನು 125ರಿಂದ ಭಾಗಿಸಿದರೆ ವಾಟಿಗೆ 0.42 ಡಿಗ್ರಿ. ಓಮ್ಸ್ ಲಾ ಬಂದವರಿಗೆ ಇದು ಬರುತ್ತದೆ. ವೋಲ್ಟೇಜ್ ಜಾಗದಲ್ಲಿ ಉಷ್ಣತೆಯ ಅಂತರ, ಕರೆಂಟ್ ಜಾಗದಲ್ಲಿ ವಾಟ್. ಹೊಸ ಕೂಲರ್ 5 ಡಿಗ್ರಿ ಇಳಿಸುತ್ತದೆ ಅಂತ ಧಾರಾಳವಾಗಿಯೇ ಹಿಡಿದೆವು. ನಾಲ್ಕು ಸಾವಿರಕ್ಕೆ 5 ಡಿಗ್ರಿ. ಅದೇ ಬಯಾಸ್‌ನಲ್ಲಿ ಇಕೋ ಮೋಡ್ ಅಂತ ಒಂದು ಆಯ್ಕೆ ಇದೆ. 105 ವಾಟ್ ವರ್ಗದ ಈ ಪ್ರೊಸೆಸರನ್ನು 65 ವಾಟ್ ವರ್ಗಕ್ಕೆ ಇಳಿಸಿದರೆ ಎಳೆಯುವ ಪವರಿನ ಮಿತಿ 142ರಿಂದ 88 ವಾಟಿಗೆ ಇಳಿಯುತ್ತದೆ. 88ನ್ನು 0.42ರಿಂದ ಗುಣಿಸಿದರೆ 37. ಕೋಣೆಯ 37 ಕೂಡಿಸಿದರೆ 74. ಪುಕ್ಕಟೆ 16 ಡಿಗ್ರಿ! ತಮ್ಮ ಕಾಗದ ಕಿತ್ತುಕೊಂಡು ಎರಡು ಸಲ ಗುಣಿಸಿ ನೋಡಿದ.

ಅವನ ಆಕ್ಷೇಪಣೆಯೂ ನ್ಯಾಯವಾದದ್ದೇ ಇತ್ತು. ದುಡ್ಡು ಕೊಟ್ಟು ತಂದ ವೇಗವನ್ನು ಕೈಯಾರೆ ಕಟ್ಟಿಹಾಕುವುದಾದರೆ ಆ ಪ್ರೊಸೆಸರ್ ಯಾಕೆ ಬೇಕಿತ್ತು? ಹೀಗಾಗಿ ಒಂದೇ ರನ್ನನ್ನು ಎರಡೂ ರೀತಿ ಓಡಿಸಿದೆವು. ಕಟ್ಟದೆ ಬಿಟ್ಟರೆ 6 ತಾಸು 10 ನಿಮಿಷ. ಇಕೋ ಮೋಡಿನಲ್ಲಿ 6 ತಾಸು 40 ನಿಮಿಷ. ಕೊನೆಯ ಸ್ವಲ್ಪ ವೇಗಕ್ಕೆ ಚಿಪ್ ಹೆಚ್ಚು ವೋಲ್ಟೇಜ್ ಬೇಡುತ್ತದೆ, ವೋಲ್ಟೇಜ್ ಏರಿದರೆ ಪವರ್ ಅದರ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದಕ್ಕೇ ಕಳೆದುಕೊಂಡ ವೇಗ ಕಡಿಮೆ, ಉಳಿದ ವಾಟ್ ಜಾಸ್ತಿ. ಅರ್ಧ ತಾಸು ತಡವಾದರೆ ನಿದ್ದೆಯಲ್ಲಿರುವವರಿಗೆ ಏನು ನಷ್ಟ?

ನಡುವೆ ಕೂಲರ್ ಬಿಚ್ಚಿ ಸ್ವಚ್ಛ ಮಾಡಿದ್ದನ್ನು ಹೆಚ್ಚು ಬರೆಯುವುದಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ಹಾರಿದ ಹೊಟ್ಟಿನ ದೂಳು ರೆಕ್ಕೆಗಳ ಸಂದಿಯಲ್ಲಿ ಕಂಬಳಿಯಂತೆ ಕೂತಿತ್ತು, ಪೇಸ್ಟ್ ಒಣಗಿತ್ತು. ಒಂದು ಮಾತು ಮಾತ್ರ: ಎಎಂ4 ಸಾಕೆಟ್‌ನವರು ಕೂಲರನ್ನು ನೇರ ಮೇಲೆ ಎಳೆಯಬೇಡಿ. ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗಬಹುದು. ಮೊದಲು ಯಂತ್ರ ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆರಿಸಿ, ಅತ್ತಿತ್ತ ತಿರುಗಿಸಿ ಸಡಿಲ ಮಾಡಿ ತೆಗೆಯಿರಿ.

ಕೋಣೆಯ ವಿಷಯಕ್ಕೆ ಬರೋಣ, ನಮಗೆ ಅದೇ ಎಲ್ಲಕ್ಕಿಂತ ಮಜಾ ಅನ್ನಿಸಿದ್ದು. ವಾಟಿಗೆ ಎಷ್ಟು ಡಿಗ್ರಿ ಅಂತ ಏನೇ ಸರ್ಕಸ್ ಮಾಡಿದರೂ ಪ್ರೊಸೆಸರಿನ ಉಷ್ಣತೆ ಕೋಣೆಯ ಉಷ್ಣತೆಯ ಮೇಲೆ ಕೂಡಿಕೆಯಾಗುತ್ತದೆ. ಬೆಂಗಳೂರಿನ 26 ಡಿಗ್ರಿ ಕೋಣೆಯಲ್ಲಿ ಕೂತವರು 'ಸಪ್ಪಳವೇ ಇಲ್ಲ' ಅನ್ನುವ ಕೂಲರ್ ಸೊನ್ನದಲ್ಲಿ ಬೇರೆಯೇ ಪ್ರಾಣಿ. ನಮ್ಮ ಆರ್‌ಸಿಸಿ ಕೋಣೆ ರಾತ್ರಿ 11ಕ್ಕೂ 37 ಯಾಕೆ? ಸ್ಲ್ಯಾಬ್ ದಪ್ಪ ನಾಲ್ಕೈದು ಇಂಚು. ಹಗಲೆಲ್ಲ ಬಿಸಿಲು ಕುಡಿದು ಸಂಜೆಯಿಂದ ಒಳಗೆ ಕಕ್ಕುತ್ತದೆ. ಹಿಂದಿನ ಮಾಳಿಗಿಯಲ್ಲಿ ಅದೇ ಹೊತ್ತಿಗೆ 32. ತೊಲೆ, ಜಂತಿ, ಅದರ ಮೇಲೆ ಮೊಳದಷ್ಟು ಮಣ್ಣು. ಸುತ್ತ ಎರಡು ಫುಟ್ ದಪ್ಪದ ಕಲ್ಲು ಮಣ್ಣಿನ ಗೋಡೆ. ಕೆಳಗೆ ಪರ್ಸಿ ಕಲ್ಲು. ಮಳೆಗಾಲದ ಮುಂಚೆ ಅಜ್ಜ ಹಾಳಮಣ್ಣು ಹಾಕಿಸುತ್ತಿದ್ದ, ಈಗ ಅಪ್ಪ ಹಾಕಿಸುತ್ತಾನೆ. ಹಗಲಿನ ಝಳ ಆ ಮಣ್ಣನ್ನು ದಾಟಿ ಒಳಗೆ ಬರುವಷ್ಟರಲ್ಲಿ ಬೆಳಗಾಗಿ, ಆ ಹೊತ್ತಿಗೆ ಹೊರಗಿನ ಗಾಳಿ ತಂಪಾಗಿರುತ್ತದೆ. ಸಿವಿಲ್‌ನಲ್ಲಿ ಇದಕ್ಕೆ ಥರ್ಮಲ್ ಮಾಸ್, ಟೈಮ್ ಲ್ಯಾಗ್ ಅಂತ ಪಾಠ ಇದೆ. ಅಕ್ಕ ಅದನ್ನು ಪರೀಕ್ಷೆಗೆ ಓದಿದ್ದಳು, ಆದರೆ ನೆನಪಾದದ್ದು ಥರ್ಮಾಮೀಟರ್ ಹಿಡಿದು ಎರಡು ಕೋಣೆ ನಡುವೆ ಅಡ್ಡಾಡುವಾಗ. ಹೊಸ ಕೂಲರ್ ಕೊಡುವ 5 ಡಿಗ್ರಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಇತ್ತು.

ಕಿಟಕಿಯ ಕೂಲರನ್ನೂ ಯೋಚಿಸಿದೆವು. ನಮ್ಮ ಒಣ ಹವೆಗೆ ಅದರಂಥ ಯಂತ್ರ ಇಲ್ಲ. ನೀರು ಆವಿಯಾಗುವಾಗ ಗಾಳಿಯಿಂದ ಶಾಖ ಕಸಿಯುತ್ತದೆ. ಆದರೆ ಅದರ ಸಪ್ಪಳದ ಮುಂದೆ ಸಿಪಿಯು ಫ್ಯಾನ್ ಕೂಸು. ಜೂನಿನಲ್ಲಿ ಹವೆಗೆ ತೇವ ಬಂದಮೇಲೆ ಅದರ ಆಟವೂ ನಡೆಯುವುದಿಲ್ಲ. ದಿನಾ ಕೊಡಗಟ್ಟಲೆ ನೀರು ಬೇರೆ. ಬಿಟ್ಟೆವು.

ಈಗ ಪೇಚು ಏನು ನೋಡಿ. ತಂಪು ಕೋಣೆಯೇ ಆಯಿಯ ಕೋಣೆ. ಸಪ್ಪಳ ಮಾಡುವ ಯಂತ್ರ ಅವಳಿಂದ ದೂರ ಇಟ್ಟರೆ ಬಿಸಿಯಾಗಿ ಸಪ್ಪಳ ಹೆಚ್ಚು, ಹತ್ತಿರ ಇಟ್ಟರೆ ಸಪ್ಪಳ ಕಡಿಮೆ ಆದರೆ ಕಿವಿಯ ಬುಡದಲ್ಲಿ. ಆಯಿಯನ್ನೇ ಕೇಳಿದೆವು. “ಇಲ್ಲೇ ಇಡ್ರಿ, ನನಗೇನು, ಭರ್ ಅಂದ್ರ ಹೊರಗ ಹೋಗಿ ಕುಂದ್ರತೀನಿ” ಅಂದಳು. ಆಯಿ ಹಾಗೇ. ನಮಗೆ ಬೇಕಾದ್ದು ಅವಳು ಹೊರಗೆ ಹೋಗಿ ಕೂಡ್ರದೇ ಇರುವುದು.

ಹಾಗಾಗಿ ಫ್ಯಾನಿನ ಲೆಕ್ಕ. ಫ್ಯಾನಿನ ವೇಗ ಇಳಿದರೆ ಸಪ್ಪಳ ಬಹಳ ಬೇಗ ಇಳಿಯುತ್ತದೆ. ವೇಗದ ಅನುಪಾತದ ಲಾಗರಿದಮ್ಮಿಗೆ 50 ಪಟ್ಟು ಅನ್ನುವುದು ಎಂಜಿನಿಯರುಗಳು ಬಳಸುವ ಅಂದಾಜು. 1500ರಿಂದ 800 ಸುತ್ತಿಗೆ ಬಂದರೆ 13 ಡೆಸಿಬೆಲ್ ಮೇಲೆ ಕಡಿಮೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಅರ್ಧ ಕೇಳಿಸುತ್ತದೆ ಅನ್ನುತ್ತಾರೆ, ಅಂದರೆ ಅರ್ಧಕ್ಕಿಂತ ಕಡಿಮೆ. ಇದಕ್ಕಿಂತ ಮುಖ್ಯವಾದದ್ದು ನಮಗೆ ಆಯಿಯಿಂದ ಗೊತ್ತಾಯಿತು. ಅವಳು ಏಳುತ್ತಿದ್ದದ್ದು ಸಪ್ಪಳ ಇದ್ದಾಗ ಅಲ್ಲ, ಸಪ್ಪಳ ಬದಲಾದಾಗ. ಮೇಲೆ ತಿರುಗುವ ಸೀಲಿಂಗ್ ಫ್ಯಾನ್ ನಮ್ಮ ಫ್ಯಾನಿಗಿಂತ ಜೋರು, ಅದಕ್ಕೆ ಅವಳು ಏಳುವುದಿಲ್ಲ. ಈ ಪ್ರೊಸೆಸರ್ ಕ್ಷಣದಲ್ಲಿ 10 ಡಿಗ್ರಿ ಏರಿ ಇಳಿಯುವ ಜಾತಿ. ಬಯಾಸ್ ಅದರ ಹಿಂದೆ ಫ್ಯಾನನ್ನು ಏರಿಸಿ ಇಳಿಸಿ ಮಾಡುತ್ತದೆ. ಹೊಳಿ ಬರುವಾಗಲೂ ಹಾಗೇ ತಾನೇ, ಸಪ್ಪಳ ಏರುತ್ತಾ ಬರುತ್ತದೆ. ಫ್ಯಾನ್ ಕರ್ವನ್ನು 80 ಡಿಗ್ರಿವರೆಗೆ ಸಪಾಟು ಮಾಡಿದೆವು: 800 ಅಂದರೆ 800, ಏರಿಲ್ಲ, ಇಳಿತವಿಲ್ಲ. ಫ್ಯಾನ್ ನಿಧಾನ ಆದದ್ದರಿಂದ ಲೆಕ್ಕದ 69ರ ಬದಲು 75 ಬಂತು. ಬರಲಿ, ಮಿತಿಗೆ ಇನ್ನೂ 15 ಇದೆ.

ಹಮಾಲನ ಮಾತು ಇಲ್ಲಿ ಮತ್ತೆ ಬೇಕು. ತಮ್ಮ ಕೊನೆಯ ಪ್ರಯತ್ನವಾಗಿ, ಡಬಲ್ ಟವರ್ ತಂದರೆ ಇಕೋ ಮೋಡ್ ತೆಗೆದು ಪೂರಾ ವೇಗದಲ್ಲಿ ಮಾಳಿಗಿಯಲ್ಲಿ ಓಡಿಸಬಹುದಲ್ಲ ಅಂದ. ಓಡಿಸಬಹುದು. ಪ್ರೊಸೆಸರಿಗೆ ಚೊಲೋ. ಆದರೆ ಎಷ್ಟು ಒಳ್ಳೆಯ ಕೂಲರ್ ಇದ್ದರೂ ಎಳೆದ ವಾಟೆಲ್ಲ ಶಾಖವಾಗಿ ಬಂದು ಬೀಳುವುದು ಆಯಿಯ ಕೋಣೆಗೆ. ಮಲಗಿದ ಒಬ್ಬ ಮನುಷ್ಯನ ಮೈಯಿಂದ ಸುಮಾರು 70-80 ವಾಟ್ ಶಾಖ ಹೊರಬೀಳುತ್ತದೆ. ಇಕೋ ಮೋಡಿನಲ್ಲಿ ನಮ್ಮ ಇಡೀ ಯಂತ್ರ ಸುಮಾರು 150 ವಾಟ್, ಆಯಿಯ ಪಕ್ಕ ಇನ್ನಿಬ್ಬರನ್ನು ಮಲಗಿಸಿದ ಹಾಗೆ. ಪೂರಾ ವೇಗ ಅಂದರೆ ಮೂರನೆಯವರೂ ಬಂದರು. ಬೆಳಕಿಂಡಿ ತೆಗೆದಿಟ್ಟರೆ ಇಬ್ಬರ ಶಾಖ ಹೋಗುತ್ತದೆ, ನಾವು ನೋಡಿದ್ದೇವೆ. ಬೆಳಗಿನ ತನಕ ಕೋಣೆ ಒಂದು ಡಿಗ್ರಿ ಒಳಗೇ ಏರಿತು. ಮೂರನೆಯವರನ್ನು ಕರೆಯುವುದು ಬೇಡ ಅಂತ ತೀರ್ಮಾನವಾಯಿತು.

ಕೂಲರ್ ತಗೊಳ್ಳಲಿಲ್ಲ. ಯಂತ್ರ ಈಗ ಮಾಳಿಗಿಯಲ್ಲಿ, ಜೋಳದ ಚೀಲಗಳ ಪಕ್ಕದ ಕಟ್ಟೆಯ ಮೇಲಿದೆ. ಮೇಲಿಂದ ಮಣ್ಣು ಉದುರುತ್ತದೆ ಅಂತ ಒಂದು ಹಳೆಯ ಧೋತರವನ್ನು ಜಂತಿಗೆ ಕಟ್ಟಿದ್ದೇವೆ, ವಾರಕ್ಕೊಮ್ಮೆ ಜಾಡಿಸುತ್ತೇವೆ. ಎತ್ತಿಟ್ಟ ದುಡ್ಡಿನಲ್ಲಿ ಒಂದು ಪಾಲು ಯುಪಿಎಸ್ ಬ್ಯಾಟರಿಗೆ ಹೋಯಿತು. ಹಳೆಯದು ಕರೆಂಟ್ ಹೋದ ಎರಡೇ ನಿಮಿಷಕ್ಕೆ ಕೈ ಎತ್ತುತ್ತಿತ್ತು, 5 ತಾಸು ಓಡಿದ ರನ್ ಸಮೇತ. ವಾಟ್ ಇಳಿದದ್ದರಿಂದ ಹೊಸದು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತದೆ.

ತಮ್ಮ ಪೀರ್‌ಲೆಸ್ ಅಸಾಸಿನ್ನನ್ನು ಕಾರ್ಟ್‌ನಿಂದ ಇನ್ನೂ ತೆಗೆದಿಲ್ಲ. ಮುಂದೆ ದೊಡ್ಡ ಪ್ರೊಸೆಸರ್ ತಂದರೆ, ಅಥವಾ ಮಾಳಿಗಿ ಕೆಡವಿ ಅಲ್ಲೂ ಸ್ಲ್ಯಾಬ್ ಹಾಕಿದರೆ ಬೇಕಾಗುತ್ತದೆ ಅನ್ನುತ್ತಾನೆ. ಎರಡನೆಯ ಮಾತು ಮನೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಮಾಳಿಗಿ ಸೋರುತ್ತದೆ, ಹಾಳಮಣ್ಣು ಹಾಕುವವರು ಸಿಗುವುದಿಲ್ಲ ಅಂತ. ಥರ್ಮಾಮೀಟರಿನ ಎರಡೂ ಅಂಕಿಗಳನ್ನು ಅಕ್ಕ ಅಪ್ಪನಿಗೆ ತೋರಿಸಿದ್ದಾಳೆ. ಅಪ್ಪ ನೋಡಿದ, ಏನೂ ಅನ್ನಲಿಲ್ಲ. ಅವನು ದಿನಾ ಬೆಳಿಗ್ಗೆ ಕೇಳುವುದು ಬೇರೆ: “ಎಷ್ಟ್ ತಾಸು ಅಂತ ಹೇಳ್ತೇನವಾ?” ಇವತ್ತು ರಾತ್ರಿಯದು ನಾಲ್ಕನೇ ರನ್, ಈ ಸಲ ನಮ್ಮ ದಂಡಿಯ ಹೊಲಗಳನ್ನು ಇನ್ನೂ ಸಣ್ಣ ಚೌಕ ಮಾಡಿದ್ದೇವೆ. 11ಕ್ಕೆ ಹಚ್ಚಿದ್ದು. ಆಯಿ ಮಲಗಿದ್ದಾಳೆ.